ಹತ್ತು ಶಾಖೆಗೆ ಒಂದೇ ಫೈಲ್

ಗ್ರಂಥಾಲಯದಲ್ಲಿ ಎಲ್ಲರಿಗೂ ಅವಳು ಕ್ಯಾಟಲಾಗ್ ಅಕ್ಕ. ಹದಿನೆಂಟು ವರ್ಷ ಪುಸ್ತಕಗಳ ಕಾರ್ಡು ಬರೆದ ಕೈ ಅದು. ಕಾರ್ಡಿನ ಕಾಲ ಮುಗಿದಾಗ, ನಲವತ್ತೈದರ ವಯಸ್ಸಿನಲ್ಲಿ, ವೆಬ್ ಪ್ರೋಗ್ರಾಮಿಂಗ್ ಕಲಿಯಲು ಕೂತಳು. "ಈಗ್ಯಾಕೆ ನಿಂಗೆ ಈ ಉಸಾಬರಿ" ಎಂದು ಗಂಡ ನಕ್ಕ. ಹಿಡಿದ ಪಟ್ಟು ಬಿಡುವ ಹೆಂಗಸೇ ಅವಳು? ಕಲಿತೇ ಬಿಟ್ಟಳು. ಗ್ರಂಥಾಲಯ ಒಂದು ವರ್ಷ ನೋಡೋಣವೆಂದು ಇಟ್ಟುಕೊಂಡಿತು. ಆ ವರ್ಷ ಮುಗಿಯುವುದು ಇವತ್ತೇ. ಹನ್ನೊಂದಕ್ಕೆ ಹತ್ತೂ ಶಾಖೆಗಳಲ್ಲಿ ಪುಸ್ತಕ ಕಾಯ್ದಿರಿಸುವ ಪುಟ ತೆರೆದರೆ ಅವಳ ಕೆಲಸ ಉಳಿಯುತ್ತದೆ. ಇಲ್ಲವಾದರೆ ಅದು ಹೊರಗಿನ ಕಂಪನಿಯ ಪಾಲು.

ಕೋಡೆಲ್ಲ ಮುಖ್ಯ ಗ್ರಂಥಾಲಯದ ಸರ್ವರ್‌ನಲ್ಲಿ ಒಂದೇ ಫೈಲಿನಲ್ಲಿತ್ತು. ಆ ಫೈಲನ್ನು ಅಲ್ಲಿಂದ ಕರೆಸಿಕೊಳ್ಳುವ ಒಂದೇ ಒಂದು ಸಾಲನ್ನು ಪ್ರತಿ ಶಾಖೆಯ ಸರ್ವರ್‌ನಲ್ಲಿರುವ ಪುಟದಲ್ಲಿ ಬರೆದಿದ್ದಳು. ಒಂದು ಕಡೆ ತಿದ್ದಿದರೆ ಹತ್ತೂ ಕಡೆ ತಿದ್ದಿದ ಹಾಗೆ ಎಂದು ಕಂಡವರ ಮುಂದೆಲ್ಲ ಜಂಬ ಕೊಚ್ಚಿದ್ದಳು.

ಒಂಬತ್ತೂವರೆಗೆ ನೋಡಿದರೆ ಹತ್ತೂ ಪುಟಗಳು ಕೈಯೆತ್ತಿದ್ದವು. ಕೆಲಸ ಮಾಡಬೇಕಾದ ಕೋಡಿನ ತುಂಡೇ, ಆ ಫಂಕ್ಷನ್ನೇ, ಸಿಗಲಿಲ್ಲವಂತೆ. ಪರೀಕ್ಷೆ ಮಾಡಿದ್ದು ಫೈಲ್ ಇದ್ದ ಯಂತ್ರದಲ್ಲೇ. ಹೊರಗಿನಿಂದ ಕರೆಸಿ ನೋಡಿರಲೇ ಇಲ್ಲ. ಫೈಲಿನ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದಳು. ಖಾಲಿ ಪುಟ. ಅದನ್ನೇ ಅರೆಗಳಿಗೆ ದಿಟ್ಟಿಸಿ, ಹಣೆ ಚಚ್ಚಿಕೊಂಡು ನಕ್ಕಳು.

"ಅಣ್ಣಾ, ಅಡುಗೆ ಮಾಡೋ ಕ್ರಮ ಬರೆದುಕೊಡು ಅಂದ್ರೆ, ಆ ಸರ್ವರ್ ತಾನೇ ಅಡುಗೆ ಮಾಡಿ ಮುಗಿಸಿ ಖಾಲಿ ತಟ್ಟೆ ಕಳಿಸ್ತಿದೆ" ಎಂದಳು, ಪಕ್ಕದ ಮೇಜಿನಲ್ಲಿ ಪುಸ್ತಕ ಹೊಲಿಯುತ್ತಿದ್ದ ಬೈಂಡರ್ ಅಣ್ಣನಿಗೆ.

"ಮತ್ತೆ ಅದರ ಒಲೆ ಆರಿಸಮ್ಮ" ಎಂದ ಆತ, ಸೂಜಿಯಿಂದ ಕಣ್ಣೆತ್ತದೆ.

ಅವಳು ಫೈಲಿನ ಹೆಸರಿನಲ್ಲಿ ಚುಕ್ಕೆಯ ನಂತರದ ಬಾಲ ಬದಲಿಸಿ, ಪುಟಗಳ ಆ ಸಾಲಿನಲ್ಲೂ ಹೊಸ ಹೆಸರು ಬರೆದು, ಅದು ಬರೀ ಪಠ್ಯವೆಂದು ಸರ್ವರನ್ನು ನಂಬಿಸಿದಳು. ಸರ್ವರ್ ಅದನ್ನು ನಡೆಸಲು ಹೋಗದೆ ಇದ್ದದ್ದನ್ನು ಇದ್ದ ಹಾಗೆ ಕಳಿಸಿತು. ಹತ್ತೂ ಪುಟ ತೆರೆದವು. ಅಕ್ಕ ಕುರ್ಚಿಯಲ್ಲಿ ಕೂರಲಾರದೆ ಎದ್ದು ಎರಡು ಸುತ್ತು ಹಾಕಿದಳು.

ಬೈಂಡರ್ ಅಣ್ಣ ಕುತೂಹಲಕ್ಕೆ ಅವಳ ಪರದೆ ನೋಡಿ ಫೈಲಿನ ಹೊಸ ವಿಳಾಸವನ್ನು ತನ್ನ ಫೋನಿನಲ್ಲಿ ತೆರೆದ. "ಇದನ್ನ ನಾನೂ ಓದಬಹುದಾ?" ಎಂದು ಕೇಳಿದ.

ಅವಳು ಫೋನ್ ಕಸಿದುಕೊಂಡು ನೋಡಿದಳು. ನಾಲ್ಕನೇ ಸಾಲಿನಲ್ಲಿ ಓದುಗರ ಮಾಹಿತಿಯ ಪಾಸ್‌ವರ್ಡ್ ಬೆತ್ತಲೆ ನಿಂತಿತ್ತು. ಸಾವಿರಾರು ಜನರ ಮನೆವಿಳಾಸಕ್ಕೆ ಬೀಗದ ಕೈ ಅದು. ಸುಮ್ಮನಿದ್ದರೆ ಇವತ್ತಿಗೆ ಯಾರಿಗೂ ಗೊತ್ತಾಗದು, ಕೆಲಸವೂ ಉಳಿಯುತ್ತದೆ. ಅವಳು ಮರುಯೋಚನೆ ಮಾಡದೆ ಸರ್ವರ್‌ನಿಂದ ಫೈಲ್ ಅಳಿಸಿದಳು. ಹತ್ತೂ ಪುಟ ಮತ್ತೆ ಬಿದ್ದವು.

ಪಾಸ್‌ವರ್ಡ್ ಬದಲಿಸುವ ಅಧಿಕಾರ ಮುಖ್ಯ ಗ್ರಂಥಪಾಲಕಿಗೆ ಮಾತ್ರ. ಓಡಿಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದಳು.

"ಹಳೇದು ಏನಿತ್ತು?" ಎಂದು ಅವರು ಕೀಲಿಮಣೆ ಎಳೆದುಕೊಂಡರು.

ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಸಿಡುಕಮ್ಮ, ಮೇಡಂ."

ಮೇಡಂ ಒಂದೊಂದೇ ಅಕ್ಷರ ಒತ್ತಿದರು. "ಯಾರು ಅಂತ ಕೇಳಲ್ಲ. ಹೊಸದು ಬರ್ಕೊಳ್ಳಿ. ಅವಸರದಮ್ಮ."

ಜಂಬವನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಿ, ತನ್ನಲ್ಲಿದ್ದ ಫೈಲಿನ ಪ್ರತಿಯನ್ನು, ಹಳೆಯ ಬಾಲದಲ್ಲೇ, ಹತ್ತೂ ಶಾಖೆಯ ಸರ್ವರ್‌ಗಳಿಗೆ ಕೈಯಾರೆ ಹಾಕಿದಳು; ಹತ್ತು ಸಲವೂ ಅವಸರದಮ್ಮ ಎಂದು ಬರೆದಳು. ಹನ್ನೊಂದಕ್ಕೆ ಸರಿಯಾಗಿ ಹತ್ತೂ ಪುಟ ತೆರೆದವು; ಎರಡು ನಿಮಿಷ ದಾಟಿದ್ದೇ ದೂರದ ಶಾಖೆಯಿಂದ ಮೊದಲ ಓದುಗರ ಬೇಡಿಕೆ ಬಂತು. ಅವಳು ಅದನ್ನು ಎರಡೆರಡು ಸಲ ಓದಿದಳು.

ಬಾಗಿಲಲ್ಲಿ ಮೇಡಂ ನಿಂತಿದ್ದರು. "ನಾಳೆ ಸ್ವಲ್ಪ ಬೇಗ ಬನ್ನಿ. ಆ ಪಾಸ್‌ವರ್ಡ್ ನೋಡಿದವರಿಗೆಲ್ಲ ನಗು ಬರತ್ತೆ, ಬದಲಾಯಿಸೋಣ."

ಅವರು ಹೋದ ಮೇಲೆ ಅಕ್ಕ ಬೈಂಡರ್ ಅಣ್ಣನ ತೋಳು ಹಿಡಿದಳು. "ಕೇಳಿಸ್ತಾ ಅಣ್ಣಾ? ನಾಳೆ ಅಂದ್ರು."