ನಾನಾಡದ ಮಾತು

ಇಂಥ ಸಂಗತಿಗಳನ್ನು ನಾನು ನಂಬುವವಳಲ್ಲ. ಈಗಲೂ ನಂಬುತ್ತೇನೆ ಎಂದು ಧೈರ್ಯವಾಗಿ ಹೇಳಲಾರೆ. ಫೋಟೋ ತೆಗೆಯುವ ಕಸುಬಿನವರ ಬಳಿ ಜನ ಆಗಾಗ ಒಂದಲ್ಲ ಒಂದು ವಿಚಿತ್ರ ಚಿತ್ರ ತಂದು ತೋರಿಸುತ್ತಾರೆ. ಅಜ್ಜಿ ತೀರಿಕೊಳ್ಳುವ ಮೊದಲು ತೆಗೆದ ಫೋಟೋದಲ್ಲಿ ಅವರ ತಲೆಯ ಮೇಲೊಂದು ಬೆಳಕಿನ ಉಂಡೆ, ಮಗುವಿನ ಹೆಗಲ ಮೇಲೆ ಯಾರದೋ ಬೆರಳು. ನಾನು ನೋಡಿ, ಇದು ಲೆನ್ಸಿನ ಮೇಲೆ ಬಿದ್ದ ಕಿಟಕಿಯ ಬಿಸಿಲು, ಇದು ಪಕ್ಕದಲ್ಲಿದ್ದವರು ಅಲುಗಾಡಿದ್ದು ಎಂದು ಬಿಡಿಸಿ ಹೇಳುತ್ತಿದ್ದೆ. ಕೆಲವರಿಗೆ ಬೇಸರವಾಗುತ್ತಿತ್ತು. ನನಗೆ ಮಾತ್ರ ಒಳಗೊಳಗೇ ಖುಷಿ. ಹುಬ್ಬಳ್ಳಿಯಲ್ಲಿ ನಮ್ಮವ್ವ ಕನಸು, ಶಕುನ ಎಂದಾಗಲೂ ಹೀಗೆಯೇ ನಗುತ್ತಿದ್ದೆ. ಈಗ ಹೇಳಹೊರಟಿರುವುದನ್ನೂ ಹಾಗೆ ಬಿಡಿಸಿ ಹೇಳಲು ಬಂದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಸಿಡ್ನಿಯ ಟೂಂಗಾಬಿಯಲ್ಲಿ ನಾನು ಸ್ಟುಡಿಯೋ ತೆರೆದ ಮೊದಲ ವರ್ಷ ಅದು. ಶಾಲೆಗಳಿಗೆ ಹೋಗಿ ಮಕ್ಕಳ ಕ್ಲಾಸ್ ಫೋಟೋ ತೆಗೆಯುವ ಕೆಲಸ ಬಿಟ್ಟು, ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಯೊಂದರ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಸಮೋಸಾ ಕರಿಯುವ ವಾಸನೆ ಮೆಟ್ಟಿಲೇರಿ ಬಂದು ಹಿಂದಿನ ಪರದೆಗೆಲ್ಲ ಹತ್ತಿಕೊಳ್ಳುತ್ತಿತ್ತು. ಪಾಸ್‌ಪೋರ್ಟ್ ಫೋಟೋ, ಹಸುಗೂಸುಗಳು, ಕಪ್ಪು ಗೌನು ತೊಟ್ಟು ಬರುವ ಪದವೀಧರರು, ಹೆಣ್ಣಿನ ಮನೆಗೆ ಕಳಿಸಲೆಂದು ಸೂಟು ಹಾಕಿಕೊಂಡು ಬಂದು ಬೆವರುವ ಹುಡುಗರು. ಆ ವರ್ಷ ನಾನು ಚೆನ್ನಾಗಿ ಕಲಿತದ್ದೆಂದರೆ, ನಗಿ ಎಂದರೆ ಯಾರ ಮುಖವೂ ನಗುವುದಿಲ್ಲ, ಬಿಗಿಯುತ್ತದೆ. ಅದಕ್ಕೇ ಸುಮ್ಮನೆ ಮಾತಾಡುತ್ತಿದ್ದೆ. ಕನ್ನಡ, ಹಿಂದಿ, ಇಂಗ್ಲಿಷ್, ಬಾಯಿಗೆ ಬಂದದ್ದು. ಟ್ರೇನು ತಡವಾದದ್ದು, ಮನೆಯ ಹಿಂದಿನ ಟೊಮ್ಯಾಟೊ ಗಿಡವನ್ನು ಗಿಳಿಗಳು ಹರಿದದ್ದು. ಕಣ್ಣು ಕೆಲಸ ಮಾಡುತ್ತಿರುತ್ತದೆ, ಬಾಯಿ ತನ್ನ ಪಾಡಿಗೆ ತಾನು ಆಡುತ್ತಿರುತ್ತದೆ. ಏನು ಮಾತಾಡಿದೆ ಎಂದು ಆಮೇಲೆ ಕೇಳಿದರೆ ನನಗೇ ನೆನಪಿರುವುದಿಲ್ಲ.

ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ ಸಿರಿಲ್ ಅಂಕಲ್ ಮತ್ತು ವಿನ್ನಿ ಆಂಟಿ ಬಂದರು. ಮಂಗಳೂರು ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಅಂಕಲ್ ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿದ್ದರು, ಆಂಟಿ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿದ್ದವರು. ಸ್ಕೋಫೀಲ್ಡ್ಸ್‌ನಲ್ಲಿ ಸ್ವಂತ ಮನೆ. ಅದನ್ನು ಮಾರಿ ಮೆಲ್ಬರ್ನಿಗೆ, ಮಗಳು ಶೆರಿಲ್ ಹತ್ತಿರ ಹೋಗುವವರಿದ್ದರು. ಶೆರಿಲ್ ಅಲ್ಲಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು, ಬಸುರಿ. ಸಿಡ್ನಿ ಬಿಡುವ ಮೊದಲು ಅಪ್ಪ ಅಮ್ಮನ ಒಂದು ಒಳ್ಳೆಯ ಫೋಟೋ ಇರಲಿ ಎಂದು ಅವಳೇ ಬುಕ್ ಮಾಡಿ, ಮೆಲ್ಬರ್ನಿನಿಂದ ಬಂದು ಅವಳೇ ಕರೆತಂದಿದ್ದಳು. ನಾನು ಅವರನ್ನು ಅದಕ್ಕೆ ಮೊದಲು ಕಂಡವಳಲ್ಲ.

ಇಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿದೆ. ಶೆರಿಲ್ ಮೂಲೆಯಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದಳು. ಅಂಕಲ್ ಭುಜ ಬಿಗಿಹಿಡಿದು ಕೂತಿದ್ದರು, ಆಂಟಿ ಮಾತ್ರ ಸಹಜವಾಗಿದ್ದರು. ನಾನು ಎಂದಿನಂತೆ ಮಾತಾಡುತ್ತ ಒಂದರ ಹಿಂದೊಂದು ತೆಗೆಯುತ್ತ ಹೋದೆ. ಇದ್ದಕ್ಕಿದ್ದಂತೆ ಆಂಟಿಯ ಮುಖ ಬದಲಾಯಿತು. ಹೇಗೆ ಹೇಳಲಿ, ವಿಮಾನ ನಿಲ್ದಾಣದಲ್ಲಿ ಗಾಜಿನ ಬಾಗಿಲು ಸರಿದು ತಮ್ಮವರು ಹೊರಗೆ ಬಂದಾಗ ಮುಖಗಳು ಅರಳುತ್ತವಲ್ಲ, ಹಾಗೆ. ನನ್ನ ಕೈ ತಾನಾಗಿ ಶಟರ್ ಒತ್ತಿತು. ಮರುಕ್ಷಣ ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಕೊಂಕಣಿಯಲ್ಲಿ ಏನೇನೋ ಕೇಳತೊಡಗಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅಂಕಲ್ ಕೂತಲ್ಲೇ ಇದ್ದರು, ಬಾಯಿ ತೆರೆದಿತ್ತು.

"ನಿಮಗೆ ಕೊಂಕಣಿ ಬರ್ತದಾ?" ಎಂದು ಶೆರಿಲ್ ಕೇಳಿದಳು. ದನಿಯಲ್ಲಿ ಸಿಟ್ಟಿತ್ತು.

"ಇಲ್ಲರಿ, ನಾ ಹುಬ್ಬಳ್ಳಿಯಾಕಿ. ಯಾಕ, ಏನಾತು?"

"ಮತ್ತೆ ಈಗ ಎಂತ ಹೇಳಿದ್ದು ನೀವು?"

ನಾನು ಏನೂ ಹೇಳಿಲ್ಲ ಎಂದೆ. ಅವಳು ವಿಡಿಯೋ ಹಿಂದಕ್ಕೋಡಿಸಿ ನನ್ನ ಮುಂದೆ ಹಿಡಿದಳು. ಕ್ಯಾಮೆರಾದ ಹಿಂದೆ ನಾನು. "ಆಂಟಿ, ಗದ್ದ ಸ್ವಲ್ಪ ಮ್ಯಾಲ, ಹಾಂ, ಹಂಗ ಇರ್ರಿ" ಅನ್ನುತ್ತೇನೆ. ಆಮೇಲೆ, ಉಸಿರು ಕೂಡ ಎಳೆದುಕೊಳ್ಳದೆ, ಅದೇ ದನಿಯಲ್ಲಿ, "ಮಮ್ಮಿ, ದಾರ್ ಧಾಂಪಿನಾಕಾ, ಹಾಂವ್ ಯೆತಾಂ" ಅನ್ನುತ್ತೇನೆ. ಅದರ ಹಿಂದೆಯೇ, "ಅಂಕಲ್, ಭುಜ ಇಳಸ್ರಿ, ಮದವಿಗೆ ಬಂದೀರೇನು ಪೊಲೀಸ್ ಸ್ಟೇಷನ್ನಿಗೆ ಬಂದೀರಿ?" ಎಂದು ನಗುತ್ತೇನೆ. ಬೇರೆ ಯಾರ ದನಿಯೂ ಅಲ್ಲ, ನನ್ನದೇ ದನಿ. ನಾನು ಅದನ್ನು ಆಡಿದ್ದು ಮಾತ್ರ ನನಗೆ ಗೊತ್ತಿಲ್ಲ.

ಮಮ್ಮಿ, ಬಾಗಿಲು ಹಾಕಬೇಡ, ನಾನು ಬರುತ್ತಿದ್ದೇನೆ. ಅರ್ಥವನ್ನು ಶೆರಿಲ್ಲೇ ಹೇಳಿದಳು. ಅವಳಿಗೆ ರೋಷನ್ ಎಂಬ ಅಣ್ಣನಿದ್ದ. ಮನೆಯ ಬಾಗಿಲನ್ನು ಹೊತ್ತು ಮುಳುಗುತ್ತಲೇ ಹಾಕಿಬಿಡುವುದು ಆಂಟಿಯ ಅಭ್ಯಾಸ. ಅದಕ್ಕೇ ಅವನು ಕಾಲೇಜಿನ ದಿನಗಳಿಂದಲೂ ಟ್ರೇನು ಇಳಿದ ಕೂಡಲೇ ಫೋನ್ ಮಾಡಿ ಈ ಮಾತು ಹೇಳುತ್ತಿದ್ದನಂತೆ. ಕೆಲವು ವರ್ಷಗಳ ಹಿಂದೆ ಗೆಳೆಯರ ಜೊತೆ ಸಮುದ್ರದ ಬಂಡೆಗಳ ಮೇಲೆ ಮೀನು ಹಿಡಿಯಲು ಹೋದವನನ್ನು ಅಲೆ ಎಳೆದುಕೊಂಡಿತು. ಗೆಳೆಯರು ಮರಳಿದರು. ಅವನ ದೇಹ ಸಿಗಲಿಲ್ಲ. ಅಂದಿನಿಂದ ಆಂಟಿ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮೊಮ್ಮಗು ಬರುತ್ತದೆಂದು ತಿಳಿದ ಮೇಲೆ, ಬಹಳ ಹೇಳಿಸಿಕೊಂಡು, ಆಗಷ್ಟೇ ಹಾಕತೊಡಗಿದ್ದರು. ಮನೆ ಮಾರಲು ಒಪ್ಪಿದ್ದರು.

ಅವರು ಹೋದ ಮೇಲೆ ಸ್ಟುಡಿಯೋ ಮುಚ್ಚಿದೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಯೋಚಿಸಿ, "ಯಾರೋ ಕೊಂಕಣಿ ಮಂದಿ ನಿನ್ನ ಸ್ಟುಡಿಯೋದಾಗ ಫೋನಿನ್ಯಾಗ ಅಂದಿರಬೇಕು, ನಿನ್ನ ತಲ್ಯಾಗ ಕುಂತದ" ಎಂದ. ಇರಬಹುದು. ಮಕ್ಕಳು ಅಮ್ಮನಿಗೆ ದಿನವೂ ಆಡುವಂಥ ಮಾತು. ಆದರೆ ಒಮ್ಮೆ ಕಿವಿಗೆ ಬಿದ್ದ ಪರಭಾಷೆ ನಾಲಿಗೆ ಮೇಲೆ ಅಷ್ಟು ಸರಾಗವಾಗಿ ಹರಿಯುತ್ತದೆಯೇ? ಅದೂ ಅವರೆದುರಿಗೇ?

ಮುಂದಿನ ಶನಿವಾರ ಆಂಟಿ ಒಬ್ಬರೇ ಬಂದರು. ತಲೆ ಬಾಚಿ, ಮೊದಲ ದಿನ ಉಟ್ಟಿದ್ದ ಅದೇ ನೀಲಿ ಸೀರೆ ಉಟ್ಟು. "ಒಂದು ಫೋಟೋ ತೆಗಿ ಮಗಾ" ಎಂದು ಸ್ಟೂಲಿನ ಮೇಲೆ ಕೂತರು. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಲೈಟ್ ಹಾಕಿ, ಗಿಳಿಗಳ ಕತೆ ಹೇಳಿದೆ, ಮಳೆಯ ಸುದ್ದಿ ಹೇಳಿದೆ, ಅಂಗಡಿಯವನ ಜಗಳ ಹೇಳಿದೆ. ಅವರು ತಲೆ ತುಸು ವಾಲಿಸಿ ನನ್ನ ತುಟಿಗಳನ್ನೇ ನೋಡುತ್ತ ಕೂತಿದ್ದರು. ಏನೂ ಬರಲಿಲ್ಲ. "ಆಯ್ತು, ಇನ್ನೊಮ್ಮೆ ಬರ್ತೇನೆ" ಎಂದು ಎದ್ದು ಹೋದರು. ಹೀಗೆಯೇ ವಾರವಾರವೂ ಬರತೊಡಗಿದರು. ಬಾಯಾರಿದವರು ಬಂದು ನಿಂತಿದ್ದಾರೆ, ನನ್ನ ನಲ್ಲಿಯಲ್ಲಿ ಒಮ್ಮೆ ಎಲ್ಲಿಂದಲೋ ನೀರು ಬಂದಿತ್ತು, ಈಗ ತಿರುಗಿಸಿದಷ್ಟೂ ಬರಿ ಗಾಳಿ.

ಒಂದು ಸಲ ತಡೆಯಲಾಗಲಿಲ್ಲ. ಆ ಮಾತು ನನಗೆ ಬಾಯಿಪಾಠವಾಗಿತ್ತು. ನಾನೇ ಅಂದುಬಿಟ್ಟರೆ ಏನಾದೀತು, ಆ ತಾಯಿಗೆ ಒಂದು ಗಳಿಗೆ ಸಮಾಧಾನ ಸಿಗಲಿ ಎಂದುಕೊಂಡು, ಕ್ಯಾಮೆರಾದ ಹಿಂದೆ ಮುಖ ಮರೆಸಿ "ಮಮ್ಮಿ" ಎಂದೆ. ಅಷ್ಟೇ. ಆಂಟಿ ಕೈಯೆತ್ತಿದರು.

"ನೀನು ಹೇಳ್ಬೇಡ ಮಗಾ."

ಬೈಗುಳವಿರಲಿಲ್ಲ ಅದರಲ್ಲಿ. ತುಂಬ ಮೆತ್ತಗೆ ಹೇಳಿದರು. ನಾನು ಕ್ಯಾಮೆರಾ ಕೆಳಗಿಟ್ಟು ಅತ್ತೆ. ಅವರೇ ನನ್ನ ಬೆನ್ನು ಸವರಿದರು.

ಅಷ್ಟರಲ್ಲಿ ಮನೆ ಮಾರಾಟ ನಿಂತುಹೋಗಿತ್ತು. ಒಂದು ಬೆಳಿಗ್ಗೆ ಸಿರಿಲ್ ಅಂಕಲ್ ಸ್ಟುಡಿಯೋಕ್ಕೆ ಬಂದು, ಕೂರಿ ಎಂದರೂ ಕೂರದೆ ನಿಂತೇ ಮಾತಾಡಿದರು. "ನೋಡಿ, ನನಗೆ ದೇವರ ಮೇಲೆ ನಂಬಿಕೆ ಉಂಟು. ಇದರ ಮೇಲೆ ಇಲ್ಲ. ಅವಳು ಪುನಃ ಬಾಗಿಲು ತೆಗೆದಿಟ್ಟು ಕೂತಿದ್ದಾಳೆ, ನಿದ್ದೆ ಇಲ್ಲ. ಡಬ್ಬಕ್ಕೆ ತುಂಬಿಸಿದ ಸಾಮಾನು ಎಲ್ಲ ಹೊರಗೆ ತೆಗೆದಿದ್ದಾಳೆ. ಅಲ್ಲಿ ಮಗಳು ಒಬ್ಬಳೇ. ನಿಮಗೆ ಕೈ ಮುಗಿತೇನೆ, ರೋಷನ್‌ನ ಫ್ರೆಂಡ್ ಯಾರೋ ಹೇಳಿದ್ದು, ನೆನಪಿತ್ತು, ಹಾಗೆ ಬಾಯಿಗೆ ಬಂತು ಅಂತ ಒಂದು ಮಾತು ಹೇಳಿ."

"ಅಂಕಲ್, ಅದು ಸುಳ್ಳಲ್ಲೇನ್ರಿ?"

"ಹಾಗಾದ್ರೆ ಸತ್ಯ ಎಂತ? ನಿಮಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಮುಂದಿನ ಭಾನುವಾರ ಸ್ಕೋಫೀಲ್ಡ್ಸ್‌ಗೆ ಕಾರು ಓಡಿಸಿಕೊಂಡು ಹೋದೆ. ಒಂದೇ ತರಹದ ಹೊಸ ಮನೆಗಳ ಸಾಲಿನಲ್ಲಿ ಆ ಮನೆಯನ್ನು ಹುಡುಕಬೇಕಾಗಲಿಲ್ಲ, ಚಳಿಯಲ್ಲೂ ಬಾಗಿಲು ಅಗಲವಾಗಿ ತೆರೆದಿತ್ತು. ಒಳಗೆ ಆಂಟಿ ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿದ್ದರು. ಚಹಾ ಮಾಡಿಕೊಟ್ಟರು. ನಾನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡ ಸುಳ್ಳನ್ನು ಹೇಳಿದೆ. ರೋಷನ್‌ನ ಗೆಳೆಯನೊಬ್ಬ ಪಾಸ್‌ಪೋರ್ಟ್ ಫೋಟೋಗೆ ಬಂದಿದ್ದ, ಅವನೇ ಹೇಳಿದ್ದ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇವರು ಕಳಿಸಿದ್ದಾ ನಿನ್ನನ್ನು?" ಎಂದು ಅಡುಗೆಮನೆಯ ಕಡೆ ಕಣ್ಣು ತೋರಿಸಿದರು. ಅಲ್ಲಿ ಅಂಕಲ್ ನಲ್ಲಿ ಬಿಟ್ಟು ಸುಮ್ಮನೆ ನಿಂತಿದ್ದರು. "ನಿನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ. ಅದಿರ್ಲಿ, ಒಂದು ಕೇಳ್ತೇನೆ. ಆ ಮಾತು ಬರುವಾಗ ನಿನಗೆ ಚಳಿ ಆಯ್ತಾ?"

"ಇಲ್ಲ ಆಂಟಿ. ಏನೂ ಆಗ್ಲಿಲ್ಲ."

"ಚಳಿ ಆಗ್ಲಿಲ್ಲ ಅಲ್ವಾ?" ಎಂದು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರು. ಅವರ ಮುಖದಲ್ಲಿ ನಿರಾಳತೆ ಕಂಡಿತು. ಇಷ್ಟು ವರ್ಷ ಆ ಹೆಂಗಸು, ಕಡಲಿನ ತಣ್ಣೀರಲ್ಲಿ ಮಗನಿಗೆ ಎಷ್ಟು ಚಳಿಯಾಯಿತೋ ಎಂದೇ ಕೊರಗುತ್ತಿದ್ದರೆಂದು ನನಗೆ ಆಗ ಹೊಳೆಯಿತು. ನಾನು ಹೇಳಿದ್ದು ನನ್ನ ಬಗ್ಗೆ, ಅವರು ಕೇಳಿಸಿಕೊಂಡದ್ದು ಮಗನ ಬಗ್ಗೆ. ತಿದ್ದಬೇಕೆನಿಸಿತು. ತಿದ್ದಲಿಲ್ಲ.

ಕೊನೆಗೆ ಅವರನ್ನು ಅಲ್ಲಿಂದ ಎಬ್ಬಿಸಿದ್ದು ನಾನೂ ಅಲ್ಲ, ಅಂಕಲ್ಲೂ ಅಲ್ಲ. ಶೆರಿಲ್‌ಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಆಸ್ಪತ್ರೆಯಲ್ಲಿ, ತಾಯಿಗೆ ಏಳಲೂ ಆಗದ ಸ್ಥಿತಿ. ಆಂಟಿ ಒಂದು ಚೀಲ ಹಿಡಿದು ವಿಮಾನ ಹತ್ತಿದರು, ಮತ್ತೆ ಸಿಡ್ನಿಗೆ ಬರಲೇ ಇಲ್ಲ. ಮನೆಯನ್ನು ಅಂಕಲ್ ಒಬ್ಬರೇ ಮಾರಿದರು. ಹೋಗುವ ಮುನ್ನ ಆಂಟಿ ನಿಲ್ದಾಣದಿಂದ ನನಗೆ ಫೋನ್ ಮಾಡಿ, "ಆ ಮಾತು ಇನ್ನೊಮ್ಮೆ ಬಂದ್ರೆ ನನಗೆ ಹೇಳು, ಹೇಳದೆ ಇರ್ಬೇಡ" ಎಂದಷ್ಟೇ ಹೇಳಿದ್ದರು.

ಮರುವರ್ಷ ಒಂದು ಮದುವೆಯ ಕೆಲಸಕ್ಕೆ ಮೆಲ್ಬರ್ನಿಗೆ ಹೋದಾಗ ಶೆರಿಲ್ ಮನೆಗೆ ಕರೆದಳು. ಡಾಕ್‌ಲ್ಯಾಂಡ್ಸ್‌ನ ಎತ್ತರದ ಅಪಾರ್ಟ್‌ಮೆಂಟು, ಕಿಟಕಿಯ ಕೆಳಗೆ ನೀರು, ಟ್ರಾಮಿನ ಗಂಟೆ. ಮಗು ದುಂಡಗೆ ತುಂಬಿಕೊಂಡಿತ್ತು. ಅಂಕಲ್ ನನ್ನ ಜೊತೆ ಚೆನ್ನಾಗಿಯೇ ಮಾತಾಡಿದರು. ಆಂಟಿ ಇಳಿದುಹೋಗಿದ್ದರು, ಆದರೆ ನಗುತ್ತಿದ್ದರು. ಮಗುವಿನ ಒಂದು ಫೋಟೋ ತೆಗೆಯಿರಿ ಎಂದು ಶೆರಿಲ್ ಅಂದಳು. ಅದನ್ನು ಕಿಟಕಿಯ ಬೆಳಕಿಗೆ ಮಲಗಿಸಿ, ತುಟಿ ಬಿಗಿಹಿಡಿದು ಕ್ಯಾಮೆರಾ ಎತ್ತಿದೆ. ಆ ಮೊದಲ ಮಧ್ಯಾಹ್ನದ ಮೇಲೆ, ಆಂಟಿಯ ಮುಂದೆ ಬಿಟ್ಟರೆ, ನಾನು ಕೆಲಸ ಮಾಡುವಾಗ ಮಾತಾಡುವುದನ್ನೇ ಬಿಟ್ಟಿದ್ದೆ. ಗಿರಾಕಿಗಳು ನನ್ನನ್ನು ಜಂಬದವಳು ಎಂದುಕೊಳ್ಳುತ್ತಿದ್ದರು.

"ಯಾಕೆ ಸುಮ್ಮನೆ ಇದ್ದಿ?" ಎಂದರು ಆಂಟಿ. "ಮಾತಾಡು ಮಗಾ."

ಅಂಕಲ್ ನನ್ನನ್ನು ನೋಡಿದರು. ಶೆರಿಲ್ ನೆಲ ನೋಡಿದಳು. ಆದರೂ ಮಾತಾಡಿದೆ. ಮಗುವಿಗೆ ಏನೇನೋ ಹೇಳಿದೆ, ಹುಬ್ಬಳ್ಳಿಯ ಬಿಸಿಲಿನ ಬಗ್ಗೆ ಹೇಳಿದೆ, ಕೆಳಗೆ ಹೋಗುತ್ತಿದ್ದ ದೋಣಿಯ ಬಗ್ಗೆ ಹೇಳಿದೆ. ಯಾವ ಮಾತು ನನ್ನದು, ಯಾವುದು ಅಲ್ಲ ಎಂದು ಪ್ರತಿ ಶಬ್ದಕ್ಕೂ ಹೆದರುತ್ತ, ಬಾರದಿರಲಿ ಎಂದೂ ಬರಲಿ ಎಂದೂ ಒಟ್ಟಿಗೇ ಬೇಡಿಕೊಳ್ಳುತ್ತ ಮಾತಾಡಿದೆ. ಆಂಟಿ ಮೊಮ್ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು, ತಲೆ ಒಂದು ಕಡೆ ವಾಲಿಸಿ, ಕೇಳುತ್ತ ನಿಂತಿದ್ದರು.