ಮಿಸ್ ಅಂದ ಒಂದೇ ಒಂದು ಭೇಷ್

ರೇಷ್ಮೆ ಸೀರೆಗಳಿಗೆ ಸ್ವಲ್ಪ ಗಾಳಿಯಾಡಲೆಂದು ಬೀರು ತೆಗೆದೆ. ಹಳೆಯ ಸೀರೆಯೊಂದರ ಮಡಿಕೆಯಿಂದ ಬಟ್ಟೆಯ ಪುಟ್ಟ ಪೊಟ್ಟಣ ಜಾರಿ ಬಿತ್ತು. ಒಳಗೆ ಒಣಗಿದ ಲ್ಯಾವೆಂಡರ್ ಹೂ. ಮೂಗಿಗೆ ಹಿಡಿದರೆ ಪರಿಮಳ ಇದೆಯೋ ಇಲ್ಲವೋ ಅನ್ನುವಷ್ಟು... ಆದರೂ ಅಷ್ಟೇ ಸಾಕಾಯಿತು, ಸಂಗೀತದ ಮಿಸ್ ಎದುರಿಗೆ ಬಂದು ಕೂತ ಹಾಗಾಯಿತು.

ತೊಂಬತ್ತರ ದಶಕದಲ್ಲಿ ಜಯನಗರದ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅವರು ಹಾಡುಗಾರಿಕೆ ಕಲಿಸುತ್ತಿದ್ದರು. ನಾನೂ ನನ್ನ ಗೆಳತಿಯೂ ಒಟ್ಟಿಗೇ ಸೇರಿದ್ದೆವು. ನನ್ನದು ಕಾಗೆ ಕಂಠ. ಅವಳು ಬಾಯಿ ತೆರೆದರೆ ಪಕ್ಕದ ಮನೆಯ ಕುಕ್ಕರ್ ಕೂಡ ಸುಮ್ಮನಾಗಬೇಕು. ಆದರೂ ಮಿಸ್ ಅವಳನ್ನು ಒಮ್ಮೆಯೂ ಹೊಗಳಿದವರಲ್ಲ. "ಹ್ಞೂಂ, ಮುಂದಕ್ಕೆ ಹೋಗು" ಅನ್ನುವುದೇ ಅವರು ಕೊಡುತ್ತಿದ್ದ ದೊಡ್ಡ ಬಿರುದು. ಹೊಗಳಿದರೆ ಮಕ್ಕಳು ಕೆಡುತ್ತಾರೆಂಬ ನಂಬಿಕೆ. ಹೈಸ್ಕೂಲು ಮುಗಿಯುವ ಹೊತ್ತಿಗೆ ಗೆಳತಿ ಹಾಡು ಬಿಟ್ಟು ಪಿಯಾನೋ ಕ್ಲಾಸಿಗೆ ಸೇರಿದಳು. "ಅಲ್ಲಿ ಸಾರ್ ಗುಡ್ ಅಂತಾರೆ ಕಣೇ" ಎಂದಿದ್ದಳು. ಆಮೇಲೆ ಮಿಸ್ ಅವಳ ಹೆಸರೆತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಜೆ.ಪಿ. ನಗರದ ಶಾಲೆಯೊಂದರ ಮೈದಾನದಲ್ಲಿ ಇಂಟರ್‌ನ್ಯಾಷನಲ್ ಬಜಾರ್ ನಡೆಯಿತು. ಸಂಜೆ ಅಲ್ಲೇ ಸಭಾಂಗಣದಲ್ಲಿ ಗೆಳತಿಯ ಪಿಯಾನೋ ಕಛೇರಿ. ವಿಷಯ ತಿಳಿಸಿದಾಗ ಮಿಸ್, "ನಾನೂ ಬರ್ತೀನಿ. ಅವಳಿಗೆ ಮಾತ್ರ ಹೇಳ್ಬೇಡ. ನನ್ನ ನೆನೆಸ್ಕೊಂಡು ಕೈ ನಡುಗಿಬಿಟ್ರೆ?" ಎಂದರು.

ತಡವಾದೀತೆಂದು ಬೆಳಿಗ್ಗೆಯೇ ಹೊರಡಿಸಿದರು. ಹಾಗಾಗಿ ಇಡೀ ದಿನ ಬಜಾರಿನಲ್ಲಿ ಕಾಲು ಸವೆಸಿದೆವು. ಜಪಾನಿನ ಬೀಸಣಿಗೆ, ಟರ್ಕಿಯ ದೀಪ, ಆಫ್ರಿಕಾದ ಮರದ ಆನೆ. "ಆನೆ ನೋಡಕ್ಕೆ ಅಲ್ಲಿಂದ ತರ್ಸ್ಬೇಕಿತ್ತಾ?" ಎಂದು ಗೊಣಗಿದರು. ಧೂಳು, ಮೈಕಿನ ಗಲಾಟೆ, ಕೂರಲು ಒಂದು ಕುರ್ಚಿಯಿಲ್ಲ. ಮಿಸ್‌ಗೆ ಮೊದಲೇ ಮಂಡಿ ನೋವು. ಮರದ ಬುಡದಲ್ಲಿ ಕುಸಿದು ಕೂತು, ಡಬ್ಬಿಯಲ್ಲಿ ತಂದಿದ್ದ ಮೊಸರನ್ನ ತಿಂದೆವು. ಫ್ರಾನ್ಸಿನ ಮಳಿಗೆಯಲ್ಲಿ ಮಾತ್ರ ಅವರು ತುಂಬ ಹೊತ್ತು ನಿಂತು ಈ ಪೊಟ್ಟಣ ಕೊಂಡರು.

"ಮುಗಿದ್ಮೇಲೆ ಇದನ್ನ ಅವಳ ಕೈಗೆ ಕೊಟ್ಟು, ಚೆನ್ನಾಗಿತ್ತು ಅಂತ ಹೇಳ್ಬೇಕು ಕಣೇ. ಹೇಳಿದ್ರೆ ನಾನೇನು ಸವೆದುಹೋಗಲ್ಲ."

ಪಿಯಾನೋ ಶುರುವಾದಾಗ ಉಸಿರೂ ಕೇಳಿಸುವಂಥ ಮೌನ. ಮಿಸ್ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕಲು ನೋಡಿದರು, ಹಿಡಿತಕ್ಕೆ ಸಿಗಲಿಲ್ಲ, ಕಣ್ಣು ಮುಚ್ಚಿದರು. ದಣಿದಿದ್ದಾರೆ, ಪಾಪ, ನಿದ್ದೆ ಬಂತೇನೋ ಅಂದುಕೊಂಡೆ. ಗೆಳತಿಯ ಬೆರಳುಗಳು ಒಂದು ಕಡೆ ಸರಸರನೆ ಮೇಲೇರಿ, ಮೆಲ್ಲಗೆ ಇಳಿದು ಬಂದದ್ದೇ ತಡ, "ಭೇಷ್!" ಎಂದುಬಿಟ್ಟರು. ನಮ್ಮ ಕಛೇರಿಗಳಲ್ಲಾಗಿದ್ದರೆ ಹಾಡುವವರು ನಕ್ಕು ತಲೆಯಾಡಿಸುತ್ತಿದ್ದರು. ಇಲ್ಲಿ ಮುಂದಿನ ಸಾಲಿನವರೆಲ್ಲ ಹಿಂತಿರುಗಿ ಕೆಕ್ಕರಿಸಿದರು. ಯಾರೋ "ಶ್!" ಎಂದರು. ಮಿಸ್ ಬಾಯಿಗೆ ಒತ್ತಿಕೊಂಡ ಸೆರಗನ್ನು ಮುಗಿಯುವವರೆಗೂ ತೆಗೆಯಲಿಲ್ಲ.

ಆಮೇಲೆ ಗೆಳತಿಯ ಸುತ್ತ ಹೂಗುಚ್ಛ ಹಿಡಿದವರ ನೂಕುನುಗ್ಗಲು. "ಅವಳ ಮಾನ ಕಳೆದೆ. ನಡಿ, ನನ್ ಕೈಲಿ ನಿಲ್ಲಕ್ಕಾಗ್ತಿಲ್ಲ" ಎಂದು ಮಿಸ್ ಪೊಟ್ಟಣವನ್ನು ನನ್ನ ಬ್ಯಾಗಿಗೆ ತುರುಕಿದರು. ಆಟೋದಿಂದ ಇಳಿಯುವಾಗ, ಬಂದದ್ದನ್ನು ಅವಳಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡರು.

ಕೆಲವು ವರ್ಷಕ್ಕೆ ಮಿಸ್ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಗೆಳತಿಯೂ ಬಂದಿದ್ದಳು. ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದಳು. "ಆ ಬಜಾರ್ ದಿನ ಯಾರೋ ಭೇಷ್ ಅಂದ್ರು ಕಣೇ. ಒಂದು ಗಳಿಗೆ ಮಿಸ್ಸೇ ಅನ್ಕೊಂಡೆ. ಆದ್ರೆ ಅವರು ಹಾಗೆಲ್ಲ ಅನ್ನೋರಾ?"

ಇನ್ನು ಆಣೆಗೇನು ಬೆಲೆ. "ಅವರೇ" ಎಂದೆ.

ಅನ್ನ ಕಲಸುತ್ತಿದ್ದ ಅವಳ ಕೈ ನಿಂತಿತು. "ತಿರುಗಿ ನೋಡ್ಬೇಕು ಅನ್ನಿಸ್ತು. ನೋಡಿದ್ರೆ ಬೆರಳು ತಪ್ಪಿಬಿಡುತ್ತೆ, ಮಿಸ್ ಬೈತಾರೆ ಅಂತ..."

ಅವಳಿಗೆ ಕೊಡೋಣವೆಂದು ಆಗ ಮನೆಯೆಲ್ಲ ಹುಡುಕಿದರೂ ಸಿಗದ ಪೊಟ್ಟಣ ಇವತ್ತು ತಾನಾಗಿ ಕೈಗೆ ಬಂದಿದೆ. ನನ್ನ ಮಂಡಿಗೂ ಈಗ ನೋವು ಬಂದಿದೆ, ಬಸ್ಸು ಹತ್ತುವುದೆಂದರೆ ಬೇಸರ. ಆದರೂ ನಾಳೆ ಬನಶಂಕರಿಯ ಅವಳ ಮನೆಗೆ ಹೋಗಿ ಕೊಟ್ಟು ಬರಬೇಕು. ಪರಿಮಳ ಹೋಗಿದೆ. ಚೆನ್ನಾಗಿತ್ತು ಎನ್ನಬೇಕಾದವರೂ ಹೋಗಿದ್ದಾರೆ.