ಮನೆ ಮುಂದೆ ನಿಂತ ಮನೆಗಾಡಿ

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಕೀಲಿಯಕ್ಕ ಎನ್ನುತ್ತಿದ್ದರು. ಊರಾಚೆ, ಟೈರಿನ ಗೋದಾಮಿನ ಮಗ್ಗುಲಲ್ಲಿ, ಮೋಟರ್‌ಹೋಮ್‌ಗಳನ್ನು ಬಾಡಿಗೆಗೆ ಬಿಡುವ ಸಣ್ಣ ಕಂಪನಿ ಅದು. ಮಂಚ, ಒಲೆ, ನೀರಿನ ಟ್ಯಾಂಕು, ಶೌಚಾಲಯ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಒಂಬತ್ತು ಗಾಡಿಗಳು ಅಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಬಂದ ಗಿರಾಕಿಗೆ ಗಾಡಿಯನ್ನು ಒಳಗೂ ಹೊರಗೂ ತೋರಿಸಿ ಕೀಲಿಕೈ ಕೊಟ್ಟು ಕಳಿಸುವುದು ಅವಳ ಕೆಲಸ. ಗ್ಯಾಸಿನ ತಿರುಪು ಎಲ್ಲಿದೆ, ಮೆಟ್ಟಿಲು ಮಡಚದೆ ಹೊರಟರೆ ಏನಾಗುತ್ತದೆ, ಶೌಚಾಲಯದ ಡಬ್ಬವನ್ನು ಮೂಗು ಮುಚ್ಚಿಕೊಳ್ಳದೆ ಖಾಲಿ ಮಾಡುವುದು ಹೇಗೆ, ಎಲ್ಲವನ್ನೂ ನಲವತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದಳು.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಬಂದವರನ್ನು ಮಾತ್ರ ಅಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ. "ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಓಡಿಸ್ಬೇಡಿ ಸಾರ್. ನಿಮಗೆ ಊರು ಮುಟ್ಟೋ ಆಸೆ, ಮಕ್ಕಳಿಗೆ ಇಳಿದು ಓಡೋ ಆಸೆ. ಗೆಲ್ಲೋರು ಯಾವಾಗ್ಲೂ ಅವರೇ." ಹೋಗಿ ಬಂದವರು ಕೀಲಿಕೈ ಜೊತೆಗೆ ತಮ್ಮ ಕಥೆಗಳನ್ನೂ ಒಪ್ಪಿಸಿ ಹೋಗುತ್ತಿದ್ದರು. ಹೀಗಾಗಿ ಅವಳು ಕಾಣದ ಬೆಟ್ಟವಿಲ್ಲ, ಕಡಲಿಲ್ಲ, ಕಂಡಿದ್ದೆಲ್ಲ ಕಿವಿಯಿಂದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಆ ಗಾಡಿಗಳ ಹಾಸಿಗೆಯ ಮೇಲೆ ಅವಳು ಮೈ ಚಾಚಿರಲಿಲ್ಲ.

ಸೀಸನ್ ಮುಗಿಯುವ ಹೊತ್ತಿಗೆ ಒಂದು ದಿನ ಯಜಮಾನರೇ ಕರೆದು ಹೇಳಿದರು: "ಆ ದೊಡ್ಡ ಗಾಡಿ ಮುಂದಿನ ತಿಂಗಳು ಆರು ದಿನ ಸುಮ್ನೆ ನಿಂತಿರುತ್ತಮ್ಮ. ಮಕ್ಕಳನ್ನ ಕರ್ಕೊಂಡು ಹೋಗ್ಬಾ. ಡೀಸೆಲ್ ಮಾತ್ರ ನಿಂದು."

ಅವಳು "ಸರಿ ಸಾರ್" ಎಂದಳು. ಹೊರಗೆ ಬಂದವಳೇ ಆ ಗಾಡಿಯ ಬಾಗಿಲು ತೆಗೆದು ಒಳಗಿನ ಮಂಚಗಳನ್ನು ಎಣಿಸಿದಳು.

ಅವಳ ಗಂಡ ಕ್ಷೌರಿಕ. ಎರಡು ಬೀದಿ ಆಚೆ ಒಂದೇ ಕುರ್ಚಿಯ ಅಂಗಡಿ ಅವನದು. ಸ್ಕೂಟರಿಗಿಂತ ದೊಡ್ಡದನ್ನು ಅವನು ಎಂದೂ ಓಡಿಸಿದವನಲ್ಲ. ಮಗಳಿಗೆ ಏಳು ವರ್ಷ, ಮನೆಯಲ್ಲಿ ಪುಟ್ಟಿ. ಮಗನಿಗೆ ಮೂರು, ಅವನು ಗುಂಡ. ಮೂರು ಕೋಣೆಯ ಆ ಮನೆಯಲ್ಲಿ ಮೈದುನ ಮತ್ತು ಓರಗಿತ್ತಿಯೂ ಇದ್ದರು. ಅಡುಗೆಮನೆ ಒಂದೇ, ಬಚ್ಚಲೂ ಒಂದೇ. ಓರಗಿತ್ತಿಗೆ ಆಗ ಎಂಟನೇ ತಿಂಗಳು. ಎರಡು ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋಗಿ, ಮೂರನೇ ಸಲ ನಿಂತ ಬಸಿರು ಅದು.

ಮೂರು ವಾರ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡೇ ಇತ್ತು. ಪುಟ್ಟಿಗೆ ಸಮುದ್ರದ ದಡದ ದೀಪಸ್ತಂಭ ನೋಡಬೇಕು, ಒಳಗಿನ ಮೆಟ್ಟಿಲು ಎಷ್ಟು ಅಂತ ತಾನೇ ಎಣಿಸಬೇಕು. ಗುಂಡನಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಚಾಲಕರ ತಲೆಯ ಮೇಲಿರುವ ಮಂಚ ಸಿಕ್ಕರೆ ಸಾಕು. ಅವಳು ಪಟ್ಟಿ ಬರೆದಳು. ವಾಂತಿಗೆ ಮುಚ್ಚಳದ ಬಕೆಟ್ಟು, ಮಂಚದಿಂದ ಬೀಳದ ಹಾಗೆ ಬಲೆ, ಪ್ರತಿ ನಿಲುಗಡೆಗೂ ಹತ್ತಿರದ ಆಸ್ಪತ್ರೆಯ ಫೋನ್ ನಂಬರು, ಗುಂಡನ ಹರಿದ ಹೊದಿಕೆ, ಅದು ಕಳೆದುಹೋದರೆ ಅಂಥದೇ ಇನ್ನೊಂದು.

"ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿದ್ರು ಅಂತಾರಲ್ಲ, ನೀನು ಕೂಸಿನ ಮದುವೆಗೇ ಛತ್ರ ಹುಡುಕ್ತಿದ್ದೀಯ," ಅಂದ ಗಂಡ.

"ನಿಮಗೇನ್ರೀ ಗೊತ್ತು? ಏನೇನು ಕೆಡುತ್ತೆ ಅಂತ ಹನ್ನೊಂದು ವರ್ಷದಿಂದ ಕೇಳಿಸ್ಕೊಂಡವಳು ನಾನು."

ಹೊರಡುವ ಹಿಂದಿನ ಸಂಜೆ ಅವಳೇ ಗಾಡಿ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದಳು. ಬೀದಿಯ ಅರ್ಧ ಅದಕ್ಕೇ ಹೋಯಿತು. ಮಕ್ಕಳು ಹತ್ತಿ ಇಳಿದು ಹತ್ತಿ ಸುಸ್ತಾದರು. ಓರಗಿತ್ತಿಯೂ ಸೊಂಟ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಪುಟ್ಟಿ ದಿನವೂ ಮಾಡುವ ಹಾಗೆ ಚಿಕ್ಕಮ್ಮನ ಹೊಟ್ಟೆಗೆ ಕಿವಿ ಆನಿಸಿ, "ಪಾಪು, ನಾವು ದೀಪಸ್ತಂಭಕ್ಕೆ ಹೋಗ್ತೀವಿ, ನೀನು ಬೇಗ ಬಾ," ಎಂದು ಗುಟ್ಟು ಹೇಳಿತು.

ಆ ರಾತ್ರಿ ಸ್ನಾನ ಮಾಡಿಸುವಾಗ ಪುಟ್ಟಿಯ ಹೊಟ್ಟೆಯ ಮೇಲೆ ಮೂರು ಕೆಂಪು ಚುಕ್ಕೆ ಕಂಡವು. ಸೊಳ್ಳೆ ಇರಬೇಕು ಅಂದುಕೊಂಡಳು. ಬೆಳಗ್ಗೆ ನೋಡಿದರೆ ಚುಕ್ಕೆಗಳೆಲ್ಲ ನೀರು ತುಂಬಿಕೊಂಡು ಬೊಬ್ಬೆಯಾಗಿದ್ದವು, ಬೆನ್ನಿಗೂ ಹಬ್ಬಿದ್ದವು. ಮೈ ಕೆಂಡದಂತೆ ಸುಡುತ್ತಿತ್ತು.

ಬೀದಿ ಕೊನೆಯ ಡಾಕ್ಟರಮ್ಮ ಅಂಗಿ ಎತ್ತಿ ನೋಡಿದ್ದೇ, "ಚಿಕನ್‌ಪಾಕ್ಸ್," ಎಂದರು. ಆಮೇಲೆ ಕೈ ತೊಳೆಯುತ್ತಾ ಕೇಳಿದರು: "ಮನೇಲಿ ಯಾರಾದ್ರೂ ಬಸುರಿ ಹೆಂಗಸು ಇದ್ದಾರಾ?"

ಅವಳು ಪುಟ್ಟಿಯ ಅಂಗಿ ಕೆಳಗೆಳೆದಳು. ಪುಟ್ಟಿಯೇ ಹೇಳಿತು: "ನಮ್ಮ ಚಿಕ್ಕಮ್ಮ ಇದ್ದಾರೆ."

"ಅವರಿಗೆ ಚಿಕ್ಕಂದಿನಲ್ಲಿ ಇದು ಬಂದಿತ್ತಾ?"

ಅವಳು ಮನೆಗೆ ಫೋನ್ ಮಾಡಿದಳು. ಓರಗಿತ್ತಿ ತನ್ನ ತಾಯಿಯನ್ನು ಫೋನಿನಲ್ಲಿ ಕೇಳಿ ಹೇಳಿದಳು. ಬಂದಿರಲಿಲ್ಲ. ಮನೆಯ ಉಳಿದ ದೊಡ್ಡವರಿಗೆಲ್ಲ ಬಂದುಹೋಗಿತ್ತು.

"ಚುಕ್ಕೆ ಏಳೋದಕ್ಕೆ ಎರಡು ದಿನ ಮುಂಚೆಯಿಂದ್ಲೇ ಅಂಟುತ್ತೆ," ಎಂದರು ಡಾಕ್ಟರಮ್ಮ. "ಆಗಿದ್ದು ಆಗಿಹೋಗಿದೆ. ಇವತ್ತೇ ಅವರ ರಕ್ತ ಪರೀಕ್ಷೆಗೆ ಕಳಿಸಿ. ಮಗೂನ ಬೇರೆ ಇಡಿ. ಸರಿಯಾಗಿ ಹೆರಿಗೆ ಹೊತ್ತಿಗೆ ಅವರಿಗೆ ಬರಬಾರದು, ಕೂಸಿಗೆ ಕಷ್ಟ. ಈ ಸ್ಥಿತೀಲಿ ಅವರನ್ನ ದೂರ ಪ್ರಯಾಣ ಮಾಡಿಸ್ಬೇಡಿ."

ಬೇರೆ ಎಂದರೆ ಎಲ್ಲಿ? ಒಂದೇ ಬಚ್ಚಲಿನ ಮನೆಯಲ್ಲಿ ಬೇರೆ ಅನ್ನುವ ಜಾಗವೇ ಇರಲಿಲ್ಲ. ವಾಪಸು ಬರುವಾಗ ಗಂಡ ಹೆಂಡಿರಿಬ್ಬರ ಕಣ್ಣೂ ಒಟ್ಟಿಗೇ ಆ ಗಾಡಿಯ ಮೇಲೆ ಬಿತ್ತು. ಗಂಡ ಬಾಗಿಲು ತೆಗೆದ. ಅವಳು ಸುಡುವ ಮಗುವನ್ನು ಎತ್ತಿಕೊಂಡು, ಮನೆಯೊಳಗೆ ಕಾಲಿಡದೆ, ಅದರೊಳಗೆ ಹತ್ತಿದಳು.

ಹೀಗೆ ಅವರ ಪ್ರವಾಸ ಶುರುವಾಯಿತು.

ಗುಂಡ ಒಂದು ಗಂಟೆ ಹೊರಗೆ ನಿಂತು ಗಾಡಿಯ ತಗಡು ಬಡಿದು ಅತ್ತ. ಗಂಡ ಓಡಿ ಹೋಗಿ ಡಾಕ್ಟರಮ್ಮನನ್ನು ಕೇಳಿ ಬಂದ. "ಅವನಿಗೆ ಅಂಟೋದಾದ್ರೆ ಈಗಾಗ್ಲೇ ಅಂಟಿರುತ್ತಂತೆ. ಒಳಗೆ ಬಿಟ್ಕೋ." ಗುಂಡ ಮೇಲಿನ ಮಂಚ ಹತ್ತಿ, ಕಣ್ಣೀರಿನ ಮುಖದಲ್ಲೇ ರಾಜನ ಹಾಗೆ ಕೂತ.

ಎರಡನೇ ದಿನ ಪುಟ್ಟಿಗೆ ನೂರಮೂರು ಡಿಗ್ರಿ ಜ್ವರ. ಬೊಬ್ಬೆ ತಲೆಗೂದಲ ಒಳಗೆ, ಬಾಯೊಳಗೆ, ಕಣ್ಣಿನ ರೆಪ್ಪೆಯ ಮೇಲೂ ಎದ್ದವು. ಮಧ್ಯಾಹ್ನದ ಹೊತ್ತಿಗೆ ಗಾಡಿ ಕಾದ ಕಾವಲಿಯಾಗುತ್ತಿತ್ತು. ಅವಳು ಗುಲಾಬಿ ಬಣ್ಣದ ಲೋಷನ್ ಹಚ್ಚಿದಳು, ಒದ್ದೆ ಬಟ್ಟೆ ಹಾಕಿದಳು, ಕೆರೆದುಕೊಳ್ಳದ ಹಾಗೆ ಮಗುವಿನ ಕೈಗೆ ತನ್ನ ಕಾಲುಚೀಲ ತೊಡಿಸಿದಳು. ಪುಟ್ಟಿ ಕಾಲುಚೀಲದ ಕೈಯಲ್ಲೇ ಮುಖ ಉಜ್ಜಿಕೊಂಡು, "ಅಮ್ಮ, ಏನಾದ್ರೂ ಮಾಡು. ಅಮ್ಮ, ಏನಾದ್ರೂ ಮಾಡು," ಎಂದು ಒಂದೇ ಸಮನೆ ಹೇಳುತ್ತಿತ್ತು. ಮಾಡಲು ಇದ್ದದ್ದನ್ನೆಲ್ಲ ಅವಳು ಮಾಡಿಯಾಗಿತ್ತು. ಅವಳ ಪಟ್ಟಿಯಲ್ಲಿದ್ದ ನಲವತ್ತೇಳು ಸಾಮಾನುಗಳಲ್ಲಿ ಒಂದೂ ಈ ತುರಿಕೆಗೆ ಮದ್ದಾಗಿರಲಿಲ್ಲ.

ಗಂಡ ಬೆಳಗ್ಗೆ ಬೇಗ ಎದ್ದು ಶೌಚಾಲಯದ ಡಬ್ಬ ಹೊತ್ತುಕೊಂಡು ಹೋಗಿ ಅಂಗಡಿಯ ಹಿಂದಿನ ಪಾಯಿಖಾನೆಯಲ್ಲಿ ಖಾಲಿ ಮಾಡಿ ಬರುತ್ತಿದ್ದ. ಊಟ ತಂದು ಮೆಟ್ಟಿಲ ಮೇಲಿಡುತ್ತಿದ್ದ. ಬಟ್ಟೆ ಬದಲಿಸಿ, ಕೈ ತೊಳೆದು ಮನೆಯೊಳಗೆ ಹೋಗುತ್ತಿದ್ದ. ಬೀದಿಯವರು ದೂರದಿಂದ ಬಳಸಿಕೊಂಡು ನಡೆಯುತ್ತಿದ್ದರು.

ಓರಗಿತ್ತಿ ಮಾತ್ರ ದಿನಕ್ಕೆ ಎರಡು ಸಲ ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ಗಾಡಿಯ ಕಿಟಕಿಗೂ ಮನೆಯ ಕಿಟಕಿಗೂ ನಡುವೆ ಇಪ್ಪತ್ತು ಅಡಿ. ಫೋನಿನಲ್ಲಿ ಮಾತು.

"ಅಕ್ಕ, ಊಟ ಮಾಡಿದ್ರಾ?"

"ನೀನು ಹೇಗಿದ್ದೀಯ, ಅದು ಹೇಳು. ಜ್ವರ ಗಿರ ಏನಾದ್ರೂ?"

"ಇಲ್ಲಕ್ಕ. ಪಾಪು ಬೆಳಗ್ಗೆಯಿಂದ ಒದೀತಾನೇ ಇದೆ."

ಓರಗಿತ್ತಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕಣ್ಣೊರೆಸಿಕೊಂಡು, "ಸೊಳ್ಳೆ ಅಂದ್ಕೊಂಡೆ ಕಣೇ," ಎಂದಳು.

"ಗೊತ್ತಾಗಿದ್ರೂ ತಡವಾಗಿರ್ತಿತ್ತಲ್ಲ ಅಕ್ಕ. ಅಳ್ಬೇಡಿ. ನೀವು ಅತ್ರೆ ನನಗೂ ಅಳು ಬರುತ್ತೆ, ಆಮೇಲೆ ಇವರು ಇಬ್ಬರಿಗೂ ಬೈತಾರೆ."

ಮೂರನೇ ದಿನ ಮಧ್ಯಾಹ್ನ ಪುಟ್ಟಿ ತಾಯಿಯ ತೋಳು ಹಿಡಿದು ಬೇಡಿತು: "ಅಮ್ಮ, ಗಾಡಿ ಓಡಿಸು. ಸ್ವಲ್ಪ ದೂರ. ಪ್ಲೀಸ್ ಅಮ್ಮ."

"ಆಗಲ್ಲ ಕಂದ. ಜ್ವರ ಬಿಡೋವರೆಗೂ ಇಲ್ಲೇ ಇರ್ಬೇಕು."

"ಹಾಗಾದ್ರೆ ಸುಮ್ನೆ ಆನ್ ಮಾಡು."

ಅವಳು ಹೋಗಿ ಇಂಜಿನ್ ಶುರು ಮಾಡಿದಳು. ಗಾಡಿಯ ಮೈಯೆಲ್ಲ ಸಣ್ಣಗೆ ನಡುಗತೊಡಗಿತು. ಪುಟ್ಟಿ ಬೆನ್ನನ್ನು ಪಕ್ಕದ ಹಲಗೆಗೆ ಒತ್ತಿ ಮಲಗಿತು. ಆ ನಡುಕಕ್ಕೆ ತುರಿಕೆ ಸ್ವಲ್ಪ ಮರೆತಂತಾಗಿ, ಎರಡು ದಿನದಲ್ಲಿ ಮೊದಲ ಸಲ ಅದರ ಕಣ್ಣು ಮುಚ್ಚಿತು. ಅವಳು ಚಾಲಕರ ಸೀಟಿನಲ್ಲಿ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದಳು. ಗೇರ್ ಹಾಕಿದರೆ ಸಾಕು, ಬೀದಿಯ ತಿರುವು, ಆಮೇಲೆ ಹೆದ್ದಾರಿ. ಹೋಗಿಬಿಡಲೇ ಅನ್ನಿಸಿತು. ಹೋಗಿ? ಜ್ವರದ ಮಗುವನ್ನು ಹೊತ್ತುಕೊಂಡು ಯಾವ ಬಾಗಿಲು ತಟ್ಟುವುದು?

ಯಾರೋ ಗಾಜು ಬಡಿದರು. ಎದುರು ಮನೆಯ ನಿವೃತ್ತ ರೈಲ್ವೆ ಗಾರ್ಡು, ಮೂಗಿಗೆ ಟವೆಲ್ ಹಿಡಿದುಕೊಂಡು ನಿಂತಿದ್ದರು. "ಏನಮ್ಮಾ, ಹೋಗೋದಾದ್ರೆ ಹೋಗಿ, ಇಲ್ದಿದ್ರೆ ಆಫ್ ಮಾಡಿ. ಇದೇನು ರಸ್ತೆನೋ ಹಿಟ್ಟಿನ ಗಿರಣಿನೋ? ಮನೆಯೆಲ್ಲ ಹೊಗೆ!"

ಅವಳು ಕ್ಷಮೆ ಕೇಳಿ ಇಂಜಿನ್ ನಿಲ್ಲಿಸಿದಳು. ನಿಂತದ್ದೇ ತಡ ಪುಟ್ಟಿಗೆ ಎಚ್ಚರವಾಗಿ ಅಳು ಮತ್ತೆ ಶುರುವಾಯಿತು. ಗಾರ್ಡು ಹೋಗಲಿಲ್ಲ. ಟವೆಲ್ ಇಳಿಸಿ ಸ್ವಲ್ಪ ಹೊತ್ತು ಆ ಅಳುವನ್ನು ಕೇಳಿಸಿಕೊಂಡರು. "ನಾನು ಕಿಟಕಿ ಮುಚ್ಕೋತೀನಿ. ಒಂದು ಗಂಟೆ ಹಾಕ್ಕೊಳ್ಳಿ," ಎಂದು ಗೊಣಗಿ ಹೊರಟುಹೋದರು.

ನಾಲ್ಕನೇ ದಿನ ಓರಗಿತ್ತಿಯ ರಕ್ತದ ವರದಿ ಬಂತು. ಈ ರೋಗವನ್ನು ತಡೆಯುವ ಶಕ್ತಿ ಅವಳ ಮೈಯಲ್ಲಿ ಇರಲಿಲ್ಲ. ಮೈದುನ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದ. ಇಂಜೆಕ್ಷನ್ ಕೊಟ್ಟರೂ ಬರಬಹುದು, ಬರದೆಯೂ ಇರಬಹುದು, ನಾಲ್ಕು ವಾರ ಕಾಯಬೇಕು ಅಂದರಂತೆ. ಹೆರಿಗೆಗೆ ಇದ್ದದ್ದು ಐದು ವಾರ. ಮೈದುನ ಗಾಡಿಯ ಬಳಿ ಬಂದು ಇದನ್ನೆಲ್ಲ ಹೇಳಿ, "ಬೇಜಾರು ಮಾಡ್ಕೋಬೇಡಿ ಅತ್ತಿಗೆ," ಎಂದ. ಹಾಗೆ ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಆರನೇ ದಿನ ಗಾಡಿ ಒಪ್ಪಿಸಬೇಕಿತ್ತು. ಪುಟ್ಟಿಯ ಜ್ವರ ಬಿಟ್ಟು, ಬೊಬ್ಬೆಗಳೆಲ್ಲ ಒಣಗಿ ಹಕ್ಕಳೆಗಟ್ಟಿದ್ದವು. ಇನ್ನು ಅಂಟುವುದಿಲ್ಲ, ಮನೆಗೆ ಕರೆತರಬಹುದು ಅಂದಿದ್ದರು ಡಾಕ್ಟರಮ್ಮ. ಮಕ್ಕಳನ್ನು ಹಿಂದೆ ಕೂರಿಸಿ, ಬೆಲ್ಟು ಬಿಗಿದು ಅವಳು ಹೊರಟಳು. ಹನ್ನೆರಡು ಕಿಲೋಮೀಟರ್. ಹೆದ್ದಾರಿಗೆ ಬರುತ್ತಿದ್ದಂತೆ ಗುಂಡ ಲಾರಿಗಳಿಗೆ ಕೈ ಬೀಸಿದ. ಪುಟ್ಟಿ ಗಾಜಿಗೆ ಹಣೆ ಒತ್ತಿಕೊಂಡು ಕೂತಿತ್ತು. ಟೈರಿನ ಗೋದಾಮು ಕಾಣಿಸಿದಾಗ, "ಇಷ್ಟೇನಾ?" ಅಂದಿತು. ಅವಳು ಗೇರ್ ಇಳಿಸಿ ಗಾಡಿಯನ್ನು ಗೇಟಿನೊಳಗೆ ತಿರುಗಿಸಿದಳು.

ನಡೆದದ್ದೆಲ್ಲ ಕೇಳಿ ಯಜಮಾನರು ರೇಗಲಿಲ್ಲ. ಮುಂದಿನ ಗಿರಾಕಿಗೆ ಬೇರೆ ಗಾಡಿ ಕೊಟ್ಟು, ಇದನ್ನು ತೊಳೆದು ಒಂದು ವಾರ ಬಾಗಿಲು ತೆರೆದಿಡಲು ಹೇಳಿದರು. ತೊಳೆದವಳು ಅವಳೇ.

ಹತ್ತನೇ ದಿನದಿಂದ ಗುಂಡನ ಸರದಿ ಬರಬಹುದು ಅಂದಿದ್ದರು ಡಾಕ್ಟರಮ್ಮ. ಅದಕ್ಕೆ ಮುಂಚೆಯೇ ಗಂಡ ಗಿರಾಕಿಗಳಿಗೆ ಕ್ಷೌರದ ಅಂಗಡಿ ಮುಚ್ಚಿ, ಮಗನ ಜೊತೆ ಅದರೊಳಗೇ ಸೇರಿಕೊಂಡ. ಹದಿನಾಲ್ಕನೇ ದಿನ ಚುಕ್ಕೆ ಎದ್ದವು. ಗೋಡೆಯ ತುಂಬ ಕನ್ನಡಿ. ಎಲ್ಲಿ ತಿರುಗಿದರೂ ಗುಂಡನಿಗೆ ತನ್ನದೇ ಬೊಬ್ಬೆಮುಖ. ಮೊದಲು ಹೆದರಿದ, ಆಮೇಲೆ ಕನ್ನಡಿಯ ಹುಡುಗನಿಗೂ ಲೋಷನ್ ಹಚ್ಚಿದ. ಅವಳು ಕೆಲಸಕ್ಕೆ ಹೋಗುವಾಗ, ಬರುವಾಗ ಅಂಗಡಿಯ ಗಾಜಿನ ಹೊರಗೆ ನಿಲ್ಲುತ್ತಿದ್ದಳು. ಒಳಗೆ ಹೋಗಿ ಮುಟ್ಟಿದರೆ ಅದನ್ನೇ ಮನೆಗೆ ಹೊತ್ತೊಯ್ದೇನೋ ಎಂಬ ಭಯ. ಅಪ್ಪನ ತೊಡೆಯ ಮೇಲೆ ಮಗ ಅಳುವುದನ್ನು ಸದ್ದಿಲ್ಲದೆ ನೋಡಿ ಬರುತ್ತಿದ್ದಳು.

ಮನೆಯಲ್ಲಿ ಪ್ರತಿ ಬೆಳಗ್ಗೆ ಓರಗಿತ್ತಿ ಬಚ್ಚಲಿನಿಂದ ಹೊರಬರುವ ಹೊತ್ತಿಗೆ ಅವಳು ಏನೋ ಹುಡುಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದಳು. ಓರಗಿತ್ತಿ ತೋಳು ಚಾಚಿ, ಕತ್ತು ಹೊರಳಿಸಿ ತೋರಿಸಿ, "ಇವತ್ತೂ ಏನಿಲ್ಲ ಅಕ್ಕ," ಎನ್ನುತ್ತಿದ್ದಳು. ಇಪ್ಪತ್ತೈದನೇ ದಿನ ಕುತ್ತಿಗೆಯ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಇಬ್ಬರೂ ಅದನ್ನು ನೋಡುತ್ತಾ ನಿಂತರು. ಸಂಜೆಯ ಹೊತ್ತಿಗೆ ಅದು ಮಾಸಿಹೋಯಿತು. ನಿಜಕ್ಕೂ ಸೊಳ್ಳೆಯೇ ಕಚ್ಚಿತ್ತು.

ಮೂವತ್ತಮೂರನೇ ದಿನ ಅವಳು ಒಬ್ಬ ಗಿರಾಕಿಗೆ ಗಾಡಿ ತೋರಿಸುತ್ತಿದ್ದಾಗ ಫೋನ್ ಬಂತು. ಮೈದುನ. ಮಾತಿಗಿಂತ ಮುಂಚೆ ಕೂಸಿನ ಅಳು ಕೇಳಿಸಿತು. "ಹೆಣ್ಣು, ಅತ್ತಿಗೆ. ಇಬ್ಬರೂ ಚೆನ್ನಾಗಿದ್ದಾರೆ. ಮೈಮೇಲೆ ಒಂದು ಕಲೆಯಿಲ್ಲ." ಅವಳು ಅಲ್ಲೇ ಗಾಡಿಯ ಚಕ್ರದ ಪಕ್ಕ ನೆಲಕ್ಕೆ ಕುಸಿದು, ಸೆರಗು ಬಾಯಿಗೆ ಒತ್ತಿ ಅತ್ತಳು. ಗಿರಾಕಿ ಗಾಬರಿಯಾಗಿ ನೀರು ತಂದುಕೊಟ್ಟ.

ಆ ಪ್ರವಾಸ ಆಮೇಲೆ ಆಗಲೇ ಇಲ್ಲ. ಮುಂದಿನ ಸೀಸನ್ನಿನಲ್ಲಿ ಯಜಮಾನರು ದೊಡ್ಡ ಗಾಡಿಯನ್ನು ಮಾರಿದರು. ಅದರ ಮುಂದಿನ ವರ್ಷ ಆರು ದಿನ ಬಿಡುವು ಇರುವ ಗಾಡಿಯೇ ಸಿಗಲಿಲ್ಲ. ಪುಟ್ಟಿಯೂ ಈಗ ದೀಪಸ್ತಂಭದ ಬಗ್ಗೆ ಕೇಳುವುದಿಲ್ಲ.